ಸೊರ್ ಎನ್ನುವ ಸದ್ದು

ಸೋಮವಾರ, ಮಂಜು ಕರಗುವ ಮುನ್ನ

ಮಾತು ಬಿಟ್ಟು ಕೂತಿರುವ ನಮ್ಮ ಮನೆಯವರಿಗೆ,

ಕ್ಷೇಮವಾಗಿ ತಲುಪಿದೆ. ನೀವು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ. ತಂಗಿಯ ಮನೆಗೆಂದು ಹೊರಟವಳು ಬಸ್ ಬದಲಿಸಿ ಈ ಟೀ ತೋಟಗಳ ಬೆಟ್ಟಕ್ಕೆ ಬಂದುಬಿಟ್ಟೆ. ಇನ್ನು ನಿಮ್ಮ ಜೊತೆ ಬಾಳಬೇಕೋ ಬೇಡವೋ ಎಂದು ಒಬ್ಬಳೇ ಕೂತು ಯೋಚಿಸಬೇಕಿತ್ತು.

ಇಲ್ಲಿ ಯೋಚನೆಯೂ ನೆಟ್ಟಗೆ ಬರುವುದಿಲ್ಲ. ಕಿಟಕಿ ತೆರೆದರೆ ಮಂಜು ಹೇಳದೆ ಕೇಳದೆ ಒಳಗೆ ಬಂದು ಮಂಚದ ಮೇಲೆ ಕೂರುತ್ತದೆ. ಇಳಿಜಾರಿನ ತುಂಬ ಸೊಂಟದೆತ್ತರದ ಗಿಡಗಳು. ಚಿಗುರು ಕೀಳುವ ಹೆಂಗಸರ ಮಾತು ಕೇಳಿಸುತ್ತದೆ, ಮುಖ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಇದು ತಿರುಗುಮುರುಗು.

ನಾನು ಅಂದದ್ದಾದರೂ ಏನು? ಬೀಗರ ಮುಂದೆ ಟೀಯನ್ನು ಸಾಸರಿಗೆ ಸುರಿದು ಸೊರ್ ಎನ್ನಿಸಬೇಡಿ ಅಂದೆ. ಜೀವಮಾನವೆಲ್ಲ ಲೈಬ್ರರಿಯಲ್ಲಿ ಸದ್ದು ಮಾಡಬೇಡಿ ಎನ್ನುತ್ತ ಬಂದ ಬಾಯಿ, ಜಾರಿತು. ಅವತ್ತು ಲೋಟ ಹಿಡಿದು ಮೆಟ್ಟಿಲಿಗೆ ಹೋದವರು ನೀವು ಮತ್ತೆ ಮೇಜಿಗೆ ಬರಲೇ ಇಲ್ಲ. ನಾನು ಬಸ್ ಓಡಿಸಿದವನು ಕಣೇ, ನಿಂತ ಕಾಲಲ್ಲಿ ಬೇಗ ಆರಿಸಿ ಕುಡಿದು ಅಭ್ಯಾಸ ಎಂದು ಒಂದು ಮಾತು ಅಂದಿದ್ದರೆ ಜಗಳ ಅಲ್ಲೇ ಮುಗಿಯುತ್ತಿತ್ತು. ಮೂಗಿನ ತುದಿಯ ಕೋಪ ನನ್ನದು, ಹಟ ನಿಮ್ಮದು.

ನಿನ್ನೆ ಟೀ ಕಾರ್ಖಾನೆ ನೋಡಲು ಹೋಗಿದ್ದೆ. ರುಚಿ ನೋಡುವ ಕೋಣೆಯಲ್ಲಿ ಬಿಳಿ ಬಟ್ಟಲುಗಳ ಸಾಲು. ಗರಿಗರಿ ಇಸ್ತ್ರಿಯ ಪರೀಕ್ಷಕರು ಒಂದು ಚಮಚ ಟೀ ತೆಗೆದು ಸೊರ್ ಎಂದು ಎಳೆದರು ನೋಡಿ, ಕೋಣೆಯೇ ಅದುರಿತು. ಹೀಗೆ ಗಾಳಿ ಸೇರಿಸಿ ಎಳೆದ್ರೇನೇ ಅಮ್ಮಾ ರುಚಿ ಗೊತ್ತಾಗೋದು, ನೀವೂ ಎಳೀರಿ ಅಂದರು. ಬಂದ ಪ್ರವಾಸಿಗಳೆಲ್ಲ ನಾಚಿಕೆ ಬಿಟ್ಟು ಎಳೆದರು. ಆ ಸದ್ದಿನ ನಡುವೆ ನಿಂತು ನನಗೆ ಅಳು ಬಂತು. ಕಣ್ಣು ಮುಚ್ಚಿದರೆ ನಮ್ಮದೇ ಅಡುಗೆಮನೆ, ನೀವು ಪೇಪರ್ ಹಿಡಿದು ಕೂತಿದ್ದೀರಿ ಎನ್ನಿಸಿತು. ನೆತ್ತಿಗೇರಿತೇನಮ್ಮಾ ಎಂದು ಪರೀಕ್ಷಕರು ನೀರು ಕೊಟ್ಟರು. ಹೂಂ ಎಂದು ಸುಳ್ಳು ಹೇಳಿದೆ.

ನನಗೆ ನೀವು ಬೇಕು. ಸದ್ದಿನ ಸಮೇತ ಬೇಕು. ಕ್ಷಮಿಸಿ ಎಂದು ಬರೆಯಲು ಪೆನ್ನು ಇನ್ನೂ ಒಪ್ಪುತ್ತಿಲ್ಲ, ಓದುವಾಗ ನೀವೇ ಸೇರಿಸಿಕೊಳ್ಳಿ. ಆದರೆ ನಾನು ಮನೆಗೆ ಬಂದರೆ ಮತ್ತೆ ನೀವು ಮೆಟ್ಟಿಲು, ನಾನು ಮೇಜು. ಅದಕ್ಕೇ ನೀವೇ ಇಲ್ಲಿಗೆ ಬನ್ನಿ. ದಾರಿಯುದ್ದಕ್ಕೂ ಡ್ರೈವರಿಗೆ ಬ್ರೇಕ್ ಹಾಕುವುದು ಗೊತ್ತಿಲ್ಲ ಎಂದು ಬೈಯುತ್ತ ಬನ್ನಿ.

ಇನ್ನೂ ನಿಮ್ಮವಳೇ ಆದ
ಲೈಬ್ರರಿಯಮ್ಮ

ಮಡಿಸುವ ಮೊದಲು ಇನ್ನೊಂದು ಮಾತು: ಯೋಚಿಸಲು ಬಂದೆ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಬಂದ ದಿನವೇ ವಸತಿಗೃಹದವನು ಎಷ್ಟು ಜನ ಎಂದು ಕೇಳಿದಾಗ, ಇಬ್ಬರು, ನಮ್ಮೆಜಮಾನ್ರು ಹಿಂದಿನ ಬಸ್ಸಲ್ಲಿ ಬರ್ತಾರೆ ಅಂದುಬಿಟ್ಟೆ. ದಿನಾ ಬೆಳಿಗ್ಗೆ ಎರಡು ಟೀ ತಂದಿಡುತ್ತಾನೆ. ನಿಮ್ಮದು ಆರುವವರೆಗೂ ಬಸ್ ನಿಲ್ಲುವ ಕಡೆ ನೋಡುತ್ತ ಕೂರುತ್ತೇನೆ.