ಸೂಲಗಿತ್ತಿಯ ಬಸುರು

ಭಾಲ್ಕಿ
೧೦ ಮಾರ್ಚ್ ೧೯೫೧

ಪ್ರೀತಿಯ ಖತೀಜಾ ಆಪಾ ಅವರಿಗೆ ಸುಂದರಬಾಯಿಯ ಶರಣು, ಸಲಾಮು ಎರಡೂ.

ನೀವು ಹೈದರಾಬಾದಿನಿಂದ ಬರೆದ ಕಾಗದ ದೀಪಾವಳಿಯ ಹಿಂದಿನ ದಿನ ಬಂತು. ಈಗ ಹೋಳಿ ಬಾಗಿಲಿಗೆ ಬಂದಿದೆ. ಎದುರಿಗಿದ್ದರೆ ನನ್ನ ಕಿವಿ ಹಿಂಡುತ್ತಿದ್ದಿರಿ. ಹಿಂಡಿರಿ, ತಪ್ಪು ನನ್ನದೇ. ಆದರೆ ಸುಮ್ಮನೆ ಕೂತಿರಲಿಲ್ಲ, ಆಪಾ. ಈ ನಾಲ್ಕು ತಿಂಗಳಲ್ಲಿ ನಿಮ್ಮ ಶಿಷ್ಯೆ ಒಂದು ಹೆಣ್ಣು ಹೆತ್ತಿದ್ದಾಳೆ, ಒಂದು ನೌಕರಿ ಉಳಿಸಿಕೊಂಡಿದ್ದಾಳೆ. ಎರಡರಲ್ಲಿ ಹೆರುವುದೇ ಸುಲಭವಾಯಿತು!

ಕೂಸಿಗೆ ಇಂದಿಗೆ ಹದಿನೆಂಟು ದಿನ. ಮೂಗು ಅವರಪ್ಪನದು, ದನಿ ನನ್ನದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೀರೇನೋ, ಅನ್ನಿ. ನಿಮ್ಮ ಮಗಳು ಈಗ ಓಡಾಡುತ್ತಾಳೆಂದು ಬರೆದಿದ್ದಿರಿ. ಓದಿ ಬಹಳ ಹೊತ್ತು ಕಾಗದ ಹಿಡಿದುಕೊಂಡೇ ಕೂತಿದ್ದೆ.

ಈಗ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಏಳನೆಯ ತಿಂಗಳಿಗೆ ಬಿದ್ದಾಗ ನಮ್ಮತ್ತೆ ಗುಂಡಮ್ಮ ಕುಬಸ ಮಾಡಿದರು. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ, ಓಣಿಗೆಲ್ಲ ಹೋಳಿಗೆ. ನಮ್ಮ ದವಾಖಾನೆಯ ದೊಡ್ಡ ಡಾಕ್ಟರು, ನಿಮಗೆ ಗೊತ್ತಿರುವ ಅದೇ ಮನುಷ್ಯ, ಅವರ ಹೆಂಡತಿಯೂ ಬಂದು ಎರಡು ಹೋಳಿಗೆ ಉಂಡು ಹೋದರು. ಆ ಹೋಳಿಗೆ ಅರಗುವ ಮೊದಲೇ ಡಾಕ್ಟರ ಕೋಣೆಗೆ ನನಗೆ ಕರೆ ಬಂತು.

“ಇನ್ನ ಮನ್ಯಾಗ ಕೂಡ್ರಿ ಬಾಯಿ. ಬಸುರಿ ಹೆಂಗಸು ಹೆರಿಗಿ ಕ್ವಾಣ್ಯಾಗ ಇರಬಾರದಂತ ಊರೆಲ್ಲ ಮಾತಾಡ್ಲಿಕತ್ತಾರ. ಇಸ್ತೀಫಾ ಬರಸಿ ಇಟ್ಟೇನಿ, ಸಹಿ ಮಾಡ್ರಿ.”

“ರಜಾ ಕೊಡ್ರಿ ಸಾಹೇಬ್ರ. ಹಡದು ಮತ್ತ ಬರ್ತೇನಿ.”

“ಜ್ವರ ಬಂದ್ರ ರಜಾ ಕೊಡ್ತಾರ. ಇದು ನೀವು ಮಾಡ್ಕೊಂಡದ್ದು.”

ನಾನೊಬ್ಬಳೇ ಮಾಡಿಕೊಂಡದ್ದಲ್ಲ ಎಂದು ನಾಲಿಗೆ ತುದಿಗೆ ಬಂದಿತ್ತು. ಊರಿನ ಹೆಂಗಸರ ಹೊಟ್ಟೆಯನ್ನೆಲ್ಲ ನೋಡುವವಳಿಗೆ ತನ್ನದೊಂದು ಹೊಟ್ಟೆ ಇರಬಾರದು ಎಂದರೆ ಇದು ಯಾವ ನ್ಯಾಯ? ರಾಜೀನಾಮೆಗೆ ಸಹಿ ಮಾಡದೆ ಎದ್ದು ಬಂದೆ.

ಮರುದಿನದಿಂದ ಕಾಟ ಶುರುವಾಯಿತು. ಮೊದಲು ನಾನು ಕೂಡುವ ಸ್ಟೂಲು ಮಾಯವಾಯಿತು. ಆಮೇಲೆ, ಔರಾದ ಕಡೆ ನರ್ಸಬಾಯಿ ಇಲ್ಲವೆಂದು ವಾರಕ್ಕೊಮ್ಮೆ ಡಾಬಕಾ ಹಳ್ಳಿಗೆ ಹೋಗಿ ಬರಬೇಕೆಂದು ಹುಕುಂ ಬಂತು. ಔರಾದದವರೆಗೆ ಮೋಟಾರು, ಅಲ್ಲಿಂದ ಎತ್ತಿನ ಬಂಡಿ. ಆ ಹಾದಿಯ ಕಲ್ಲು ನಿಮಗೂ ಗೊತ್ತು. ಬೇಸತ್ತು ನಾನಾಗಿಯೇ ಬಿಡಲಿ ಎನ್ನುವುದು ಅವರ ಹಂಚಿಕೆ. ನಾನು ಹೊಟ್ಟೆಗೆ ಹಳೆಯ ಸೀರೆ ಬಿಗಿದುಕೊಂಡು ನಾಲ್ಕು ವಾರ ಹೋಗಿ ಬಂದೆ. ಅಲ್ಲಿ ಶಾಲುಬಾಯಿ ಎಂಬವಳಿಗೆ ಕೂಸಿನ ಕಾಲು ಮುಂದಾಗಿ ಬಂದಿತ್ತು. ನೀವು ಹೇಳಿಕೊಟ್ಟ ಹಾಗೆಯೇ ಅವಸರ ಮಾಡದೆ, ಕೂಸನ್ನು ಎಳೆಯದೆ, ಇಬ್ಬರನ್ನೂ ಉಳಿಸಿದೆ.

ಮನೆಯಲ್ಲಿಯೂ ಬೆಂಬಲವಿರಲಿಲ್ಲ. ನಮ್ಮ ಮನೆಯವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, “ನಿನಗ ತಿಳದಂಗ ಮಾಡು, ಆದ್ರ ಬಿಟ್ರ ಚಲೋ” ಎಂದರು. ಅತ್ತೆಯಂತೂ ನಾನು ಹೆರಿಗೆ ಮಾಡಿಸಿ ಬಂದ ದಿನವೆಲ್ಲ ದೃಷ್ಟಿ ತೆಗೆದು, ಗೊಣಗಿ, ಆಮೇಲೆ ಊಟಕ್ಕೆ ಬಡಿಸುತ್ತಿದ್ದರು. ಒಂದು ದಿನ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನೌಕರಿ ಹೋದರೆ ನಾನು ಮತ್ತೆ ಬರೀ ಗುಂಡಮ್ಮನ ಸೊಸೆ. ಆಪಾ, ಈ ಕೈ ಕಲಿತ ಕೆಲಸವನ್ನು ಯಾವ ಅಟ್ಟದ ಮೇಲೆ ಎತ್ತಿಡಲಿ?

ಕಣ್ಣೊರೆಸಿಕೊಂಡು ಮರುದಿನ ಬೀದರಿನ ರೈಲು ಹತ್ತಿದೆ. ಜಿಲ್ಲಾ ಕಚೇರಿಯಲ್ಲಿ ಅಬ್ದುಲ ವಾಹೀದ ಎಂಬ ಹಿರಿಯ ಗುಮಾಸ್ತರಿದ್ದಾರೆ. ನನ್ನ ಹೊಟ್ಟೆ ನೋಡಿ ಮೊದಲು ಕುರ್ಚಿ ಕೊಟ್ಟರು, ಆಮೇಲೆ ಹೆಸರು ಕೇಳಿದರು. ಎಲ್ಲ ಕೇಳಿಸಿಕೊಂಡು ಕಪಾಟಿನಿಂದ ಕಾಯಿದೆಯ ಹಳೆಯ ಪುಸ್ತಕ ತೆಗೆದರು. “ಉರ್ದು ಅದರಿ ಬಾಯಿ, ನಾ ಓದಿ ಹೇಳ್ತೇನಿ” ಎಂದರು. ನಾನು ಪುಸ್ತಕ ನನ್ನ ಕಡೆಗೆ ತಿರುಗಿಸಿಕೊಂಡೆ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನಾನು ನಿಮಗೆ ಕನ್ನಡ, ನೀವು ನನಗೆ ಉರ್ದು ಕಲಿಸಿದ್ದು ಯಾತಕ್ಕೆ? ಬೆರಳಿಟ್ಟು ಓದಿದೆ: ಹೆರಿಗೆಗೆ ಪಗಾರದ ಸಮೇತ ರಜೆ ಉಂಟು, ಬಸುರಿನ ಕಾರಣಕ್ಕೆ ಯಾರನ್ನೂ ತೆಗೆಯುವಂತಿಲ್ಲ. ವಾಹೀದ ಸಾಹೇಬರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. “ಇನ್ನ ಅರ್ಜಿನೂ ನೀವs ಬರೀರಿ” ಎಂದು ಮಸಿಯ ದೌತಿ ಮುಂದೆ ಸರಿಸಿದರು.

ಜನವರಿಯಲ್ಲಿ ಬೀದರಿನಿಂದ ಸಿವಿಲ್ ಸರ್ಜನ್ ಸಾಹೇಬರೇ ವಿಚಾರಣೆಗೆ ಬಂದರು. ದವಾಖಾನೆಯ ಪಡಸಾಲೆಯಲ್ಲಿ ಮೇಜು ಹಾಕಿದ್ದರು. ದೊಡ್ಡ ಡಾಕ್ಟರು ಕಾಯಿದೆಯ ಸುದ್ದಿಯನ್ನೇ ಎತ್ತಲಿಲ್ಲ. “ಈ ಊರಾಗಿನ ಯಾವ ಹೆಂಗಸೂ ಬಸುರಿ ಕೈಲಿ ಮುಟ್ಟಿಸ್ಕೊಳ್ಳೋದಿಲ್ರಿ. ಇದು ಅವರ ರಿವಾಜು. ನಾನೇನು ಮಾಡ್ಲಿ?” ಎಂದು ಕೈ ಚೆಲ್ಲಿದರು. ಸಾಹೇಬರು ಕಟ್ಟೆಯ ಮೇಲೆ ಕೂತಿದ್ದ ಹೆಂಗಸರ ಕಡೆ ತಿರುಗಿ, ಹೌದೇನು ಎಂದು ಕೇಳಿದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಆಗ ಹಿಂದಿನಿಂದ ಒಂದು ದನಿ ಬಂತು. ಯಾರೆಂದುಕೊಂಡಿರಿ? ನಮ್ಮತ್ತೆ! ನನಗೆ ಬುತ್ತಿ ತಂದವರು ಅಲ್ಲೇ ನಿಂತುಬಿಟ್ಟಿದ್ದರು.

“ಸಾಹೇಬ್ರ, ಬಸುರಿ ಆದಾಕಿ ಹೆರೂ ಕ್ವಾಣಿಗಿ ಹೋಗಬಾರದು ಅಂತೀವಿ, ಖರೆ ಅದ. ಯಾಕ ಅಂತೀವಿ? ಆ ಒದ್ದಾಟ ನೋಡಿ ಬಸುರಿ ಹೆದರ್ತಾಳಂತ. ಕೇಡು ಇದ್ರ ನೋಡೂ ಬಸುರಿಗಿ, ಹೆರೂ ಹೆಂಗಸಿಗಲ್ಲ. ಇದು ಹೆಂಗಸರ ಮಾತು, ಡಾಕ್ಟರ್ ಸಾಹೇಬ್ರು ಅರ್ಧಾನೇ ಕೇಳ್ಯಾರ. ನನ್ನ ಸೊಸಿ ಹೆದರೋ ಪೈಕಿ ಅಲ್ರಿ. ನನಗs ಹೆದರಾಂಗಿಲ್ಲ, ಇನ್ನ ಇದಕ್ಕ ಹೆದರ್ತಾಳೇನು!”

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಒಬ್ಬರ ಬಾಯಿ ಬಿಚ್ಚಿದ್ದೇ ತಡ, ಎಲ್ಲರ ಬಾಯಿಯೂ ಬಿಚ್ಚಿತು. ಕೂಸನ್ನು ತೋರಿಸಲು ಡಾಬಕಾದಿಂದ ಬಂದಿದ್ದ ಶಾಲುಬಾಯಿ ಎದ್ದು ನಿಂತು, “ಈ ಬಾಯಿ ತನ್ನ ಹೊಟ್ಟಿ ಒಂದ ಕಡೆ ವಾರಿ ಮಾಡ್ಕೊಂಡು ಕುಂತು ಇವನ ಜೀವ ಉಳಿಸ್ಯಾಳ್ರಿ. ಅಕಿ ಇಲ್ದಿದ್ರ ನಾವಿಬ್ರೂ ಇರ್ತಿದ್ದಿಲ್ಲ” ಎಂದಳು. ಸಾಹೇಬರು ಅಲ್ಲಿಯೇ ಹುಕುಂ ಬರೆಸಿದರು: ಹೆರಿಗೆಯ ದಿನದಿಂದ ಮೂರು ತಿಂಗಳ ರಜೆ, ಡಾಬಕಾದ ಓಡಾಟ ರದ್ದು, ಜಾಗ ನನ್ನದೇ. ದೊಡ್ಡ ಡಾಕ್ಟರು ತಾವೇ ಬರೆಸಿದ್ದ ಇಸ್ತೀಫಾವನ್ನು ತಾವೇ ಹರಿಯಬೇಕಾಯಿತು. ಮನೆಗೆ ಹೋಗುವಾಗ ನಾನು ಬಸುರಿ ಎನ್ನುವುದನ್ನೇ ಮರೆತು ಬೀಸು ಹೆಜ್ಜೆ ಹಾಕುತ್ತಿದ್ದೆನಂತೆ. ಅತ್ತೆ ಹಿಂದಿನಿಂದ ಕೂಗಿ ಬೈದರು.

ಮೇ ತಿಂಗಳಲ್ಲಿ ಕೆಲಸಕ್ಕೆ ಮರಳುತ್ತೇನೆ. ಕೂಸನ್ನು ನೋಡಿಕೊಳ್ಳುವುದು ತಮ್ಮ ಹಕ್ಕೆಂದು ಅತ್ತೆ ಈಗಲೇ ಸಾರಿದ್ದಾರೆ. ನಮ್ಮ ಮನೆಯವರು ಗಂಜಿನ ಪೇಟೆಯಲ್ಲಿ, ತಾವೇ ಬೀದರಿಗೆ ಹೋಗಿ ಗೆದ್ದು ಬಂದವರ ಹಾಗೆ ಮೀಸೆ ತಿರುವುತ್ತಿದ್ದಾರೆ. ಇರಲಿ ಬಿಡಿ.

ನಿಮ್ಮ ಮಗಳಿಗೆ ದೇವರು ನೂರು ವರ್ಷ ಕೊಡಲಿ, ನಿಮಗೆ ಆಸರೆ ಕೊಟ್ಟ ಅಣ್ಣನವರ ಮನೆ ತಣ್ಣಗಿರಲಿ. ನಿಮ್ಮ ದುವಾದಲ್ಲಿ ನನ್ನ ಕೂಸಿಗೂ ಒಂದು ಪಾಲಿರಲಿ.

ನಿಮ್ಮ ಕೈಯಲ್ಲಿ ಕಲಿತ
ಸುಂದರಬಾಯಿ

ತಾ.ಕ.: ಕಾಗದವನ್ನು ಇಲ್ಲಿಗೇ ಮುಗಿಸಿ ಅಂಟಿಸಬೇಕೆಂದಿದ್ದೆ. ಆಗಲಿಲ್ಲ, ಆಪಾ.

ನಲವತ್ತೆಂಟರ ಪೋಲೀಸ್ ಆಕ್ಷನ್ನಿನ ಆ ದಿನಗಳಲ್ಲಿ ನಿಮ್ಮ ಯಜಮಾನರು ಹೊರಗೆ ಹೋದವರು ತಿರುಗಿ ಬರಲಿಲ್ಲ. ನೀವು ಆಗ ಆರು ತಿಂಗಳ ಬಸುರಿ. ಅದೇ ಕೋಣೆಗೆ ಕರೆದು, ಅದೇ ಡಾಕ್ಟರು ನಿಮ್ಮಿಂದ ಇಸ್ತೀಫಾಕ್ಕೆ ಸಹಿ ಹಾಕಿಸಿದರು. ಅದಕ್ಕೆ ಸಾಕ್ಷಿ ಹಾಕಿದ ಒಬ್ಬ ಗವಾಹಿ ಗುಮಾಸ್ತ ಮಡೆಪ್ಪ. ಎರಡನೆಯವರು ಯಾರೆಂದು ನೀವು ಟಾಂಗಾ ಹತ್ತುವಾಗ ನನ್ನನ್ನು ಕೇಳಿದಿರಿ. ಗೊತ್ತಿಲ್ಲ ಎಂದೆ.

ಅದು ನಾನು. ನೀವು ಹೊರಗೆ ಹೋದ ಮೇಲೆ ನನ್ನನ್ನು ಕರೆದು, “ಸಹಿ ಮಾಡಿದ್ರ ಅಕಿ ಜಾಗಾ ನಿನಗ, ಇಲ್ಲಾಂದ್ರ ನೀನೂ ನಡಿ” ಎಂದರು. ನೀವು ಒಪ್ಪಿಯೇ ನೌಕರಿ ಬಿಟ್ಟಿರೆಂದು ನನ್ನ ಕೈಯಾರೆ ಬರೆದುಕೊಟ್ಟೆ. ಈ ಎರಡು ವರ್ಷ ಉಂಡದ್ದು ನಿಮ್ಮ ಅನ್ನ. ಪಡಸಾಲೆಯಲ್ಲಿ ಎಲ್ಲರೂ ನಗುತ್ತಿದ್ದಾಗ ನನಗೆ ಕಂಡದ್ದು ನಿಮ್ಮ ಮುಖ.

ಆ ಗವಾಹಿ ಸುಳ್ಳೆಂದು ನಿನ್ನೆ ಸಿವಿಲ್ ಸರ್ಜನ್ ಸಾಹೇಬರಿಗೆ ಬರೆದು ಕಳಿಸಿದ್ದೇನೆ. ನಕಲು ಇದರ ಜೊತೆಗಿದೆ. ಇದರಿಂದ ನನ್ನ ನೌಕರಿಗೇ ಕುತ್ತು ಬರಬಹುದೆಂದು, ನಾನು ಮೊದಲೇ ಕಾಗದ ಬರೆದು ಕೇಳಿದಾಗ ವಾಹೀದ ಸಾಹೇಬರು ತಿಳಿಸಿದ್ದರು. ಬರಲಿ. ನಿಮ್ಮ ಅರ್ಜಿ ಬಂದರೆ ಕಡತ ತೆಗೆಯುತ್ತಾರಂತೆ. ಬರೆಯಿರಿ, ಆಪಾ. ನನ್ನನ್ನು ಕ್ಷಮಿಸದಿದ್ದರೂ ಸರಿ, ಅರ್ಜಿ ಮಾತ್ರ ಬರೆಯಿರಿ.