ರೇಷ್ಮೆ ಉಟ್ಟು ತೆರೆದ ಪೆಟ್ಟಿಗೆ

ಜನವರಿ 29, ಮಧ್ಯಾಹ್ನ

ಪೂಜೆ, ಅಡುಗೆ, ಊಟ, ಗೋಮಯ — ಎಲ್ಲ ಮುಗಿಸಿ ತುಂಗಕ್ಕನನ್ನು ಮೈಕಿನ ಮುಂದೆ ಕೂರಿಸಿದೆ. ನಮ್ಮ ಮನೆಯವರ ಸೋದರತ್ತೆಯ ಮಗಳು. ಊರು ದೇವದುರ್ಗ. ಎಂಬತ್ತು ದಾಟಿದೆ. ಬೆಣ್ಣೆ ಕಾಯಿಸುವಾಗ ಹೇಳುವ ಹಾಡು ಈಗ ಅವರೊಬ್ಬರಿಗೇ ಬರುತ್ತದೆ. ಅರಕೇರಾದ ಅಜ್ಜಿಯಿಂದ ಕಲಿತದ್ದಂತೆ.

ಮೈಕಿನ ವೈರು ಹೊಸ ನಮೂನೆಯದು, ಯುಎಸ್‌ಬಿ ಟೈಪ್-ಸಿ. ನನ್ನ ಕಂಪ್ಯೂಟರು ಹಳೆಯದು. ನಡುವೆ ಪುಟ್ಟ ಅಡಾಪ್ಟರು ಹಾಕಿದ್ದೆ. ಸಡಿಲು. ಹಾಡು ಅರ್ಧದಲ್ಲಿದ್ದಾಗ ಕಡಿಯಿತು. ನಾನು ನೋಡುವಷ್ಟರಲ್ಲಿ ತುಂಗಕ್ಕ ಫಲಶ್ರುತಿಗೆ ಬಂದಿದ್ದರು. ನಡುವೆ ತಡೆಯುವಂತಿಲ್ಲ, ಎತ್ತಿಕೊಂಡ ಹಾಡನ್ನು ಫಲ ಹೇಳಿಯೇ ಇಳಿಸಬೇಕು. ಮುಗಿಸಿ ಕೈ ಮುಗಿದರು. ಆಮೇಲೆ ಹೇಳಿದೆ.

“ನನ್ನ ಹಾಡು ಪೂರಾ ಆತವಾ ಅಹಲ್ಯಾ. ನಿನ್ನ ಪೆಟಿಗೀದು ಅರ್ಧಕ್ಕ ನಿಂತದ.”

ಇನ್ನೊಮ್ಮೆ ಹೇಳಿ ಎನ್ನಲು ಬಾಯಿ ಬರಲಿಲ್ಲ. ದನಿ ಆಗಲೇ ದಾರದಷ್ಟು ಸಣ್ಣಗಾಗಿತ್ತು. ಫೆಬ್ರುವರಿ ಇಪ್ಪತ್ತಕ್ಕೆ ಮತ್ತೆ ನಮ್ಮ ಮಾನ್ವಿಗೆ ಬರುತ್ತಾರೆ, ಒಂದೇ ದಿನ. ಇಲ್ಲಿಂದ ಮಗಳ ಜೊತೆ ಸೊಲ್ಲಾಪುರ. ತಿರುಗಿ ಬರುವುದು ಯಾವಾಗಲೋ… ಬರುತ್ತಾರೋ ಇಲ್ಲವೋ.

ಜನವರಿ 31

ತಮಾಷೆ ಏನೆಂದರೆ ಕಂಪ್ಯೂಟರ್ ಪೆಟ್ಟಿಗೆಯ ಮುಂದೆಯೇ ಸಿ ಪೋರ್ಟ್ ಇದೆ. ದೀಪಾವಳಿಗೆ ಮಗಳು ವೇದಶ್ರೀ ಧಾರವಾಡದಿಂದ ಹೊಸ ಕ್ಯಾಬಿನೆಟ್ ಕಳಿಸಿದಳಲ್ಲ — ಹಿಂದಿನ ಪೋರ್ಟಿಗೆಂದು ಗೋಡೆಯ ಕಡೆ ಕೈ ಹಾಕಲು ಹೋಗಿ ಅವ್ವ ಮೊಣಕಾಲು ಕೆತ್ತಿಸಿಕೊಂಡಳೆಂದು. ಹಳೆಯ ಸಾಮಾನನ್ನೆಲ್ಲ ನಾನೇ ಅದರೊಳಗೆ ಕೂರಿಸಿದೆ. ವಿಡಿಯೋ ನೋಡುತ್ತಾ, ಸ್ಕ್ರೂಗಳನ್ನು ಕುಂಕುಮದ ಭರಣಿಯಲ್ಲಿಟ್ಟುಕೊಂಡು. ಆದರೆ ಸಿ ಪೋರ್ಟಿನ ವೈರು ಮಾತ್ರ ಒಳಗೆ ಜೋತಾಡುತ್ತಿದೆ. ಹಳೆಯ ಮದರ್‌ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಬಾಯಿ ಇದೆ, ಗಂಟಲಿಲ್ಲ.

ಇಂದು ಅದರ ಬಗ್ಗೆ ಪೂರ್ತಿ ಓದಿದೆ. ಉಪಾಯವಿದೆ. ಬೋರ್ಡಿನ ಖಾಲಿ ಸ್ಲಾಟಿಗೆ ಒಂದು ಕಾರ್ಡ್ ಕೂರಿಸಬೇಕು. ಆ ವೈರು ಸಿಕ್ಕಿಸುವ ಜಾಗ ಕಾರ್ಡಿನ ಮೇಲೆಯೇ ಇರುತ್ತದೆ.

ಫೆಬ್ರುವರಿ 3

ರಾಯಚೂರಿಗೆ ಹೋಗಿ ಬಂದೆ. ಕಂಪ್ಯೂಟರ್ ಅಂಗಡಿಯ ಜಿಲಾನಿ ಪಾಷಾ ಚಹಾ ತರಿಸಿದ, ನಾನು ಹೊರಗೆ ಕುಡಿಯುವುದಿಲ್ಲವೆಂದು ನೆನಪಾಗಿ ತಾನೇ ಕುಡಿದ. ಬೋರ್ಡಿನ ಫೋಟೋ ಮೊಬೈಲಿನಲ್ಲಿ ತೋರಿಸಿದೆ.

“ಯಮ್ಮಾ, ಇದಕ್ಕ ಭಾಳ ವಯಸ್ಸಾಗ್ಯಾದ್ರಿ. ಹೊಸಾದು ತಗೊಂಬಿಡ್ರಿ.”

“ವಯಸ್ಸಾದವರನ್ನೆಲ್ಲಾ ಬದಲ್ ಮಾಡಿದ್ರ ನಾ ಎಲ್ಲಿ ಹೋಗ್ಲೋ ಪಾಷಾ?”

ನಕ್ಕ. ಕಾರ್ಡ್ ಹೈದರಾಬಾದಿನಿಂದ ತರಿಸಿ ಬಸ್ಸಿಗೆ ಕೊಟ್ಟು ಕಳಿಸುತ್ತೇನೆಂದ. ತಿರುಗಿ ಬರುವಾಗ ಬಸ್ಸು ಕಲ್ಲೂರು ದಾಟುವವರೆಗೂ ನಗು ನನ್ನ ಮುಖದಲ್ಲೇ ಇತ್ತು.

ಫೆಬ್ರುವರಿ 8, ಏಕಾದಶಿ

ಒಲೆ ಹಚ್ಚುವ ಕೆಲಸವಿಲ್ಲ. ದಿನವೆಲ್ಲ ನನ್ನದು. ಕಾರ್ಡ್ ನಿನ್ನೆಯೇ ಬಂದಿತ್ತು. ಪೂಜೆ ಮುಗಿದದ್ದೇ ಕೂತೆ. ಸೀರೆ ಬದಲಿಸಲಿಲ್ಲ. ದೇವರ ಪೆಟ್ಟಿಗೆಯಂತೆ ಇದನ್ನೂ ಮಡಿಯಲ್ಲೇ ತೆರೆಯೋಣ ಅನ್ನಿಸಿತು — ಒಳ್ಳೆಯ ಕೆಲಸವಲ್ಲವೇ. ರೇಷ್ಮೆಯ ಮಡಿ ಸೀರೆ, ಕೆಳಗೆ ಉಣ್ಣೆಯ ಆಸನ. ಹವೆ ಒಣಗಿ ತುಟಿ ಬಿರಿಯುತ್ತಿತ್ತು.

ಕಾರ್ಡ್ ಹಿಡಿದು ಸ್ಲಾಟಿನ ಹತ್ತಿರ ಬೆರಳು ಒಯ್ದೆ.

ಚಟ್.

ಬೆರಳಿಗೆ ಚುಚ್ಚಿದಂತಾಯಿತು. ಲಕ್ಷ್ಯ ಕೊಡಲಿಲ್ಲ. ಕಾರ್ಡ್ ಕೂರಿಸಿ, ವೈರು ಸಿಕ್ಕಿಸಿ, ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು. ಕಾರ್ಡ್ ತೆಗೆದೆ. ಆಗಲೂ ಕಪ್ಪು.

ಇವರು ಬಾಗಿಲಲ್ಲಿ ನಿಂತು ನೋಡಿದರು. ತಿರುಗಿ ಒಳಗೆ ಹೋದರು. ಅದೇ ಹೆಚ್ಚು ನೋಯಿಸಿತು.

ಫೆಬ್ರುವರಿ 9

ಕಪ್ಪು.

ಫೆಬ್ರುವರಿ 13

ವೇದಶ್ರೀಗೆ ಕಾಗದ ಬರೆಯಲು ಕೂತೆ. ‘ಎಲ್ಲರೂ ಕ್ಷೇಮ’ ಎಂದು ಬರೆದು, ಹರಿದೆ. ಪೆಟ್ಟಿಗೆಯ ಮೇಲೆ ಟವೆಲ್ ಹೊದಿಸಿದ್ದೇನೆ. ಇನ್ನು ಒಂದೇ ವಾರ. ತುಂಗಕ್ಕ ಫೋನು ಮಾಡಿ ನಿನ್ನ ಪೆಟ್ಟಿಗೆ ಹೇಗಿದೆ ಎಂದರು. ಮಲಗಿದೆ ಎಂದೆ. ಏಳಿಸು ಎಂದರು, ಮೊಮ್ಮಗಳನ್ನು ಏಳಿಸಲು ಹೇಳಿದಂತೆ.

ಫೆಬ್ರುವರಿ 15

ಪಾಷಾನಿಗೆ ಫೋನು. ಎಲ್ಲ ಹೇಳಿದೆ. ಕಡೆಗೆ ಅವನು ಸಂಕೋಚದಿಂದ ಕೇಳಿದ—

“ತಪ್ಪು ತಿಳ್ಕೋಬ್ಯಾಡ್ರಿ ಯಮ್ಮಾ… ಅವತ್ತು ಏನ್ ಉಟ್ಕೊಂಡಿದ್ರಿ?”

ಎಂಥ ಪ್ರಶ್ನೆ. ಸಿಟ್ಟು ಬಂತು. ರೇಷ್ಮಿ, ಮಡಿ ಸೀರಿ ಎಂದೆ. ಆ ಕಡೆ ಮೂಗಿನಲ್ಲಿ ಪುಸ್ ಪುಸ್ ಎಂದಿತು. ಬಾಯಿಗೆ ಕೈ ಒತ್ತಿಕೊಂಡು ನಗುತ್ತಿದ್ದನೆಂದು ಗೊತ್ತಾಯಿತು.

ಅಯ್ಯೋ. ಒಣ ಹವೆಯಲ್ಲಿ ರೇಷ್ಮೆ ಉಣ್ಣೆಗೆ ತಿಕ್ಕಿದರೆ ಏನಾಗುತ್ತದೆ? ದಿನಾ ಬೆಳಿಗ್ಗೆ ತಾಮ್ರದ ತಂಬಿಗೆ ಮುಟ್ಟಿದಾಗ ಚಟ್ ಅನ್ನುವುದು ಅದೇ. ಎಷ್ಟೋ ವರ್ಷದಿಂದ ಗೊತ್ತು, ಪೆಟ್ಟಿಗೆಯ ಮುಂದೆ ನೆನಪಾಗಲಿಲ್ಲ. ಆ ಕಿಡಿ ಬೋರ್ಡಿಗೆ ಹೋಗಿದೆ.

ಸತ್ತೇ ಹೋಗಿದೆಯೋ, ಮೂರ್ಛೆಯೋ, ನೋಡಬೇಕಂತೆ. ಕರೆಂಟಿನ ವೈರು ಕಿತ್ತು, ಬೋರ್ಡಿನ ಗುಂಡು ಸೆಲ್ ತೆಗೆದು, ರ್ಯಾಮ್ ಬಿಚ್ಚಿ ಒರೆಸಿ ಹಾಕಿ ನೋಡಿರಿ ಎಂದ. ತಾನು ಬರಲೇ ಎಂದೂ ಕೇಳಿದ. ಬೇಡ. ಕೆಡಿಸಿದವಳು ನಾನು.

ಫೆಬ್ರುವರಿ 17, ಬೆಳಿಗ್ಗೆ

ಮೈಲಿಗೆಯ ಹತ್ತಿ ಸೀರೆ. ಬರಿಯ ನೆಲ. ಮೊದಲು ಎಡಗೈ ಕ್ಯಾಬಿನೆಟ್ಟಿನ ಕಬ್ಬಿಣದ ಮೇಲೆ, ಮೈಯ ಕಿಡಿ ಅಲ್ಲೇ ಇಳಿಯಲೆಂದು, ಆಮೇಲೆ ಬಲಗೈ ಒಳಗೆ. ಇವರು ಟಾರ್ಚ್ ಹಿಡಿದರು.

“ಮಡ್ಯಾಗ ಏನೂ ಮುಟ್ಟಬಾರ್ದು. ಇಲ್ಲಿ ಕಬ್ಬಿಣ ಮುಟ್ಟದ ಹೊರ್ತು ಕೆಲಸಾನ ಸುರು ಮಾಡಬಾರ್ದಂತ. ಬ್ಯಾರೇನ ಶಾಸ್ತ್ರ ಅದ ಬಿಡು ಇದು.”

“ಮಾತು ಸಾಕು. ಬೆಳಕು ಇತ್ತ ಹಿಡೀರಿ.”

ಹಿಡಿದರು. ರ್ಯಾಮ್ ಬಿಚ್ಚಿ ಅದರ ಬಂಗಾರದ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಒರೆಸಿದೆ. ಸೆಲ್ ತೆಗೆದು ಹಾಕಿದೆ. ಸ್ವಿಚ್ ಒತ್ತುವಾಗ ಇಬ್ಬರೂ ಉಸಿರು ಹಿಡಿದಿದ್ದೆವು.

ಬೀಪ್. ಪರದೆ ಬೆಳಗಿತು. ಇವರು ‘ಹರೇ ಶ್ರೀನಿವಾಸ’ ಎಂದರು, ಟಾರ್ಚ್ ಆರಿಸುವುದನ್ನು ಮರೆತು.

ಅದೇ ದಿನ, ಸಂಜೆ

ಈಗ ಕಾರ್ಡ್. ಕೂರಿಸಿದೆ. ಕಂಪ್ಯೂಟರು ನಡೆಯಿತು. ಮೈಕ್ ಸಿಕ್ಕಿಸಿದರೆ ಸುಮ್ಮನಿದೆ. ಅದೇ ಕಿಡಿ ಕಾರ್ಡನ್ನೂ ಕೊಂದಿತೇ? ವೈರು ಕಿತ್ತು, ಕಬ್ಬಿಣ ಮುಟ್ಟಿ, ಇನ್ನೊಮ್ಮೆ ಇಣುಕಿದೆ. ಕಾರ್ಡಿನ ಅಂಚಿನಲ್ಲಿ ಒಂದು ಖಾಲಿ ಸಾಕೆಟ್. ಕರೆಂಟು ತೆಗೆದುಕೊಳ್ಳುವ ಜಾಗ. ನಾನೇ ಹಚ್ಚಿಲ್ಲ. ಪವರ್ ಸಪ್ಲೈನಿಂದ ಬರುವ ಚಪ್ಪಟೆ ವೈರೊಂದು ಬಿಡಿಯಾಗಿತ್ತು. ಟಕ್ ಎಂದು ಕೂತಿತು.

ಮೈಕಿನ ಮೇಲೆ ಹಸಿರು ದೀಪ.

ವೈರು ಎಳೆದು ನೋಡಿದೆ, ಅಲುಗಿಸಿದೆ, ತಿರುವಿ ಹಾಕಿದೆ. ಎತ್ತ ಹಾಕಿದರೂ ಹೋಗುತ್ತದೆ. ಕಡಿಯಲಿಲ್ಲ. ನಾನು ಬಗ್ಗಲಿಲ್ಲ, ಗೋಡೆ ತಡಕಲಿಲ್ಲ, ಕೂತಲ್ಲಿಂದಲೇ. ‘ಶ್ರೀ’ ಎಂದೆ ಮೈಕಿಗೆ. ತಿರುಗಿ ನನಗೇ ಹೇಳಿತು.

ಪಾಷಾನಿಗೆ ಹೇಳಿದೆ. ಅಂಗಡಿಯವರಿಗೆಲ್ಲ ಕೇಳುವಂತೆ ಕೂಗಿದ— “ನಮ್ಮ ಮಾನ್ವಿ ಯಮ್ಮ ಗೆದ್ರು.” ವೇದಶ್ರೀಗೆ ಕಾಗದ ಬರೆದೆ, ನಾಲ್ಕು ಪುಟ. ರೇಷ್ಮೆಯ ವಿಷಯವನ್ನೂ ಬರೆದೆ. ನಗಲಿ.

ಫೆಬ್ರುವರಿ 20, ಹತ್ತೂವರೆ

ತುಂಗಕ್ಕ ಸಿರವಾರದ ಮೇಲಿನ ಬಸ್ಸಿಗೆ ಬಂದರು. ಬಂದವರೇ ಪೆಟ್ಟಿಗೆಯ ಮುಂದೆ ನಿಂತು, ಅದರ ಪುಟ್ಟ ಬಾಯಿಯನ್ನು ಬೆರಳಿನಿಂದ ಸವರಿದರು.

“ಇಷ್ಟೇ ಇಷ್ಟು ತೂತಿಗೆ ಇಷ್ಟೆಲ್ಲಾ ಒದ್ದಾಡಿದಿ?”

“ನಿಮ್ಮ ಹಾಡು ಅದರಾಗ ಹೋಗಬೇಕಲ್ರಿ ಅಕ್ಕಾ.”

“ಹೋಗ್ತದ. ನಮ್ಮಜ್ಜಿ ಇದಕ್ಕೂ ಸಣ್ಣ ನನ್ನ ಕಿವ್ಯಾಗ ಹಾಕಿದ್ದಳು.”

ಇವರು ಫ್ಯಾನ್ ಆರಿಸಿ, ಬಾಗಿಲು ಮುಂದೆ ಮಾಡಿ, ಕಟ್ಟೆಯ ಮೇಲೆ ಕಾವಲು ಕೂತಿದ್ದಾರೆ. ತುಂಗಕ್ಕ ಒಲೆಯ ಮುಂದೆ ಕೂತಂತೆ ಕಾಲು ಮಡಚಿ ಕೂತಿದ್ದಾರೆ. ಕಣ್ಣು ಮುಚ್ಚಿದರು. ಹಸಿರು ದೀಪ ಗಟ್ಟಿಯಾಗಿ ನಿಂತಿದೆ. ಪರದೆಯ ಮೇಲೆ ದನಿಯ ಗೆರೆ ಆಗಲೇ ಸಣ್ಣಗೆ ಕುಣಿಯುತ್ತಿದೆ… ಯಾರೂ ಸದ್ದು ಮಾಡಿಲ್ಲವಲ್ಲ. ಓ, ಇದು ನನ್ನ ಪೆನ್ನಿನದು. ಇಷ್ಟನ್ನೂ ಕೇಳಿಸಿಕೊಳ್ಳುತ್ತದೆ. ಇಗೋ, ಹಾಡು ಎತ್ತಿಕೊಂಡರು, ಪೆನ್ನು ಕೆಳಗಿ—