ಸೌತೆ ಹೂವಿಗೊಂದು ಬ್ರಶ್

ಬೀಜದಂಗಡಿಯ ಯಜಮಾನರಿಗೆ,

ನಿಮ್ಮ ಹೈಬ್ರಿಡ್ ಸೌತೆ ನೀವು ಹೇಳಿದಂತೆ ಮೂವತ್ತೆಂಟನೇ ದಿನಕ್ಕೇ ಕಾಯಿ ಬಿಟ್ಟಿತು. ಬಳ್ಳಿ ನೋಡಲು ಖಂಡಿತ ಬನ್ನಿ. ಆದರೆ ಈ ತಳಿಗೆ ಪರಾಗಸ್ಪರ್ಶ ಬೇಕಿಲ್ಲವೆಂದು ನನ್ನ ಹೆಂಡತಿಯ ಮುಂದೆ ಬಾಯಿ ತಪ್ಪಿಯೂ ಹೇಳಬೇಡಿ.

ಪಾರ್ಶ್ವವಾಯು ಬಡಿದ ಮೇಲೆ ಅವಳ ಬಲಗೈ ಸೋತಿದೆ. ವ್ಯಾಯಾಮಕ್ಕೆಂದು ವೈದ್ಯರು ಕೊಟ್ಟ ರಬ್ಬರ್ ಚೆಂಡನ್ನು ಕಿಟಕಿಯಾಚೆ ಎಸೆದಳು, ಅದೂ ಎಡಗೈಯಲ್ಲಿ. ಮೂರನೇ ಮಹಡಿಗೆ ಜೇನು ಬರುವುದಿಲ್ಲ, ಹೂವನ್ನು ನೀನೇ ಸವರಬೇಕು ಎಂದು ಸುಳ್ಳು ಹೇಳಿ ಬ್ರಶ್ ಕೊಟ್ಟೆ. ಈಗ ದಿನಾ ಬೆಳಿಗ್ಗೆ ಬಲಗೈಯಲ್ಲಿ ಒಂದೊಂದೇ ಹೂ ಸವರುತ್ತಾಳೆ. "ನಾನಿಲ್ದಿದ್ರೆ ಒಂದು ಕಾಯೂ ಕಚ್ತಿರ್ಲಿಲ್ಲ" ಅನ್ನುತ್ತಾಳೆ. ಬಳ್ಳಿ ಹಿಡಿದು ಹೂಂಗುಟ್ಟುವುದಷ್ಟೇ ನನ್ನ ಕೆಲಸ.

ಬರುವಾಗ ಇನ್ನೊಂದು ಬೀಜದ ಪೊಟ್ಟಣ ತನ್ನಿ, ಪರಾಗಸ್ಪರ್ಶ ಬೇಡವೆಂಬ ಬರಹ ಕಾಣದಂತೆ ಬೇರೆ ಕಾಗದದಲ್ಲಿ ಸುತ್ತಿ.

ಇಂತಿ,
ಮೂರನೇ ಮಹಡಿಯ ಮೇಷ್ಟ್ರು

ಹಿಂಬರಹ: ನಾನು ಅವರ ಹೆಂಡತಿ. ಬಲಗೈಯಲ್ಲೇ ಬರೀತಿದ್ದೀನಿ, ಅಕ್ಷರ ಸೊಟ್ಟಗಿದ್ರೆ ಬೇಜಾರಾಗ್ಬೇಡಿ. ಲಕೋಟೆ ಅಂಟಿಸೋಕೆ ನನ್ ಕೈಗೇ ಕೊಟ್ಟಿದ್ದಾರೆ, ಅದೂ ವ್ಯಾಯಾಮ ಅಂತೆ. ಪೊಟ್ಟಣದ ಮೇಲಿದ್ದದ್ದನ್ನ ಮೊದಲ ದಿನವೇ ಓದಿದ್ದೆ. ಅವರಿಗೆ ಹೇಳ್ಬೇಡಿ.